ವೆಲೋಡ್ರೋಮ್ ಇಲ್ಲದ ಊರಿಂದ ಟ್ರ್ಯಾಕ್ ಸೈಕ್ಲಿಂಗ್: ಎಲ್ಲಿಂದ ಶುರು ಮಾಡೋದು?

ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಬಂದಾಗ ನಾವೆಲ್ಲ ಮೊಬೈಲಲ್ಲಿ ಟ್ರ್ಯಾಕ್ ಸೈಕ್ಲಿಂಗ್ ನೋಡ್ತೀವಿ. ಗೋಡೆ ಥರ ಎದ್ದು ನಿಂತಿರೋ ಮರದ ಟ್ರ್ಯಾಕು, ಅದರ ಮೇಲೆ ಬ್ರೇಕೇ ಇಲ್ಲದ ಸೈಕಲ್ಲು, ಕಾರಿನಷ್ಟು ಸ್ಪೀಡು. ಎರಡು ದಿನ ಆದ್ಮೇಲೆ ಮರೆತುಬಿಡ್ತೀವಿ. ಯಾಕಂದ್ರೆ ಇದು ನಮ್ಮ ಆಟ ಅಂತ ಯಾರಿಗೂ ಅನ್ಸಲ್ಲ.

ನಮ್ಮ ಹಾಸ್ಟೆಲ್ಲಿನ ಸೈಕಲ್ ಗುಂಪಲ್ಲಿ ತುರುವನೂರಿನವರಿದ್ದಾರೆ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರೂ ಇದ್ದಾರೆ. ಚಿತ್ರದುರ್ಗ ಜಿಲ್ಲೆಲಿ ವೆಲೋಡ್ರೋಮ್ ಇಲ್ಲ. ಹಾಗಾದ್ರೆ ಇಲ್ಲಿನ ಒಬ್ಬ ಹುಡುಗ ಅಥವಾ ಹುಡುಗಿ ಟ್ರ್ಯಾಕ್ ಸೈಕ್ಲಿಂಗ್ ಕಲೀಬೇಕು ಅಂದ್ರೆ ಏನು ಮಾಡ್ಬೇಕು? ನಾವು ಓದಿ, ಕೇಳಿ, ಲೆಕ್ಕ ಹಾಕಿ ಕಂಡುಕೊಂಡ ಉತ್ತರ ಇಷ್ಟು: ಟ್ರ್ಯಾಕಿಗೆ ಬೇಕಾದ್ದರಲ್ಲಿ ಮುಕ್ಕಾಲು ಪಾಲನ್ನ ಊರ ರಸ್ತೆಲೇ ಕಲೀಬಹುದು. ಉಳಿದ ಕಾಲು ಪಾಲನ್ನ ಟ್ರ್ಯಾಕಲ್ಲಿ, ಕೋಚ್ ಕಣ್ಣೆದುರಿಗೆ ಮಾತ್ರ ಕಲೀಬೇಕು. ಯಾವುದು ಎಲ್ಲಿ ಅನ್ನೋದನ್ನ ಅದಲುಬದಲು ಮಾಡಿಕೊಂಡ್ರೆ ಮೂಳೆ ಮುರಿಯುತ್ತೆ. ಈ ಲೇಖನ ಅದನ್ನ ಬಿಡಿಸಿ ಹೇಳೋಕೆ.

ಮೊದಲು ಸೈಕಲ್ ಅರ್ಥ ಮಾಡ್ಕೊಳ್ಳೋಣ

ನಮ್ಮ ಮನೆ ಸೈಕಲ್ಲಲ್ಲಿ ಪೆಡಲ್ ತುಳಿಯೋದು ನಿಲ್ಲಿಸಿದ್ರೆ ಚಕ್ರ ತನ್ನ ಪಾಡಿಗೆ ತಾನು ಟಿಕ್ ಟಿಕ್ ಅಂತ ತಿರುಗ್ತಾ ಇರುತ್ತೆ. ಆ ಸದ್ದು ಫ್ರೀವೀಲಿನದು. ಟ್ರ್ಯಾಕ್ ಸೈಕಲ್ಲಲ್ಲಿ ಫ್ರೀವೀಲ್ ಇಲ್ಲ. ಹಿಂದಿನ ಹಲ್ಲುಚಕ್ರ, ಅಂದ್ರೆ ಕಾಗ್, ಹಬ್ಬಿಗೆ ಗಟ್ಟಿಯಾಗಿ ಕೂತಿರುತ್ತೆ. ಚಕ್ರ ತಿರುಗಿದ್ರೆ ಪೆಡಲ್ ತಿರುಗಲೇಬೇಕು, ಪೆಡಲ್ ತಿರುಗಿದ್ರೆ ನಿಮ್ಮ ಕಾಲೂ ತಿರುಗಲೇಬೇಕು. ಇದೇ ಫಿಕ್ಸೆಡ್ ಗೇರ್. ಗೇರ್ ಬದಲಾಯಿಸೋ ಹಾಗಿಲ್ಲ, ಬ್ರೇಕೂ ಇಲ್ಲ. ನಿಧಾನ ಆಗಬೇಕಾದ್ರೆ ಕಾಲಿಂದ ಹಿಮ್ಮುಖವಾಗಿ ಒತ್ತಡ ಕೊಡ್ಬೇಕು, ಇಲ್ಲಾಂದ್ರೆ ಟ್ರ್ಯಾಕಿನ ಇಳಿಜಾರಲ್ಲಿ ಮೇಲಕ್ಕೆ ಹತ್ತಬೇಕು.

ಬ್ರೇಕ್ ಇಲ್ಲದಿರೋದು ಹುಚ್ಚುತನ ಅನ್ಸುತ್ತೆ, ಆದ್ರೆ ಅದಕ್ಕೆ ಕಾರಣ ಇದೆ. ಟ್ರ್ಯಾಕಲ್ಲಿ ಎಲ್ಲರೂ ಒಂದೇ ದಿಕ್ಕಿಗೆ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ಹೋಗ್ತಾರೆ. ಎದುರಿಗೆ ಎಮ್ಮೆ ಬರಲ್ಲ, ಲಾರಿ ಬರಲ್ಲ. ಅಪಾಯ ಇರೋದು ಮುಂದಿನವನು ಇದ್ದಕ್ಕಿದ್ದ ಹಾಗೆ ನಿಧಾನ ಆದಾಗ ಮಾತ್ರ. ಯಾರ ಹತ್ರಾನೂ ಬ್ರೇಕ್ ಇಲ್ಲ ಅಂದ್ರೆ ಯಾರೂ ದಿಢೀರ್ ಅಂತ ನಿಲ್ಲಲ್ಲ, ಹಿಂದಿನವರು ಅವರಿಗೆ ಗುದ್ದಲ್ಲ.

ಗೇರಿನ ಲೆಕ್ಕ ಸುಲಭ. ಮುಂದಿನ ಚೈನ್‌ವೀಲಲ್ಲಿ 48 ಹಲ್ಲು, ಹಿಂದಿನ ಕಾಗಲ್ಲಿ 16 ಹಲ್ಲು ಇದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ 3 ಸುತ್ತು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್, ಹಾಗಾಗಿ ಒಂದು ಸಲ ತುಳಿದ್ರೆ 6.3 ಮೀಟರ್ ಮುಂದೆ. ನಿಮಿಷಕ್ಕೆ 90 ಸುತ್ತು ತುಳಿದ್ರೆ ಗಂಟೆಗೆ 34 ಕಿ.ಮೀ. ಶುರು ಮಾಡೋರಿಗೆ ಇದಕ್ಕೆ ಹತ್ತಿರದ ಗೇರ್ ಸಾಕು. ದೊಡ್ಡ ಗೇರ್ ಹಾಕ್ಕೊಂಡು ಕಷ್ಟಪಟ್ಟು ತುಳಿಯೋದಕ್ಕಿಂತ ಸಣ್ಣ ಗೇರಲ್ಲಿ ಬೇಗ ಬೇಗ, ನಯವಾಗಿ ತುಳಿಯೋದು ಮೊದಲ ಪಾಠ.

ಫ್ರೀವೀಲಿಗೆ ವೆಲ್ಡಿಂಗ್ ಹಾಕಿಸಬೇಡಿ

ಫಿಕ್ಸೆಡ್ ಗೇರ್ ಅಂತ ಕೇಳಿದ ಕೂಡಲೇ ನಮ್ಮಂಥವರಿಗೆ ಬರೋ ಮೊದಲ ಐಡಿಯಾ ಒಂದೇ. ಸೈಕಲ್ ಶಾಪ್ ಅಣ್ಣನ ಹತ್ರ ಫ್ರೀವೀಲಿಗೆ ನಾಲ್ಕು ಕಡೆ ವೆಲ್ಡಿಂಗ್ ಹಾಕಿಸೋದು, ಬ್ರೇಕ್ ಬಿಚ್ಚಿಸೋದು, ರೀಲ್ಸ್ ಮಾಡೋದು. ದಯವಿಟ್ಟು ಬೇಡ. ಇದಕ್ಕೆ ಕಾರಣ ಧೈರ್ಯ ಅಲ್ಲ, ಥ್ರೆಡ್.

ಮಾಮೂಲಿ ಹಬ್ಬಲ್ಲಿ ಫ್ರೀವೀಲ್ ಕೂರೋ ಕಡೆ ಒಂದೇ ಥ್ರೆಡ್ ಇರುತ್ತೆ, ಬಲಗೈ ಥ್ರೆಡ್. ಮುಂದಕ್ಕೆ ತುಳಿದ ಹಾಗೆಲ್ಲ ಅದು ಬಿಗಿ ಆಗುತ್ತೆ. ಆದ್ರೆ ಫಿಕ್ಸೆಡ್ ಸೈಕಲ್ ನಿಲ್ಲಿಸೋಕೆ ಹಿಂದಕ್ಕೆ ಒತ್ತಬೇಕು. ಆಗ ಅದೇ ಥ್ರೆಡ್ ಬಿಚ್ಚಿಕೊಳ್ಳುತ್ತೆ. ವೆಲ್ಡಿಂಗ್ ಫ್ರೀವೀಲಿನ ಒಳಭಾಗಕ್ಕೂ ಹೊರಭಾಗಕ್ಕೂ ಮಧ್ಯೆ ಇದೆಯೇ ಹೊರತು ಹಬ್ಬಿಗೆ ಅಲ್ಲ. ನಿಮಗೆ ನಿಲ್ಲೋದು ಅತೀ ಅಗತ್ಯ ಇರೋ ಕ್ಷಣದಲ್ಲೇ ಅದು ಕೈಕೊಡುತ್ತೆ.

ನಿಜವಾದ ಟ್ರ್ಯಾಕ್ ಹಬ್ಬಲ್ಲಿ ಎರಡು ಥ್ರೆಡ್. ಒಳಗಡೆ ಬಲಗೈ ಥ್ರೆಡ್ಡಲ್ಲಿ ಕಾಗ್ ಕೂರುತ್ತೆ. ಅದರ ಹೊರಗೆ, ಸ್ವಲ್ಪ ಸಣ್ಣ ವ್ಯಾಸದ ಎಡಗೈ ಥ್ರೆಡ್ಡಲ್ಲಿ ಲಾಕ್‌ರಿಂಗ್. ಕಾಗ್ ಬಿಚ್ಚಿಕೊಳ್ಳೋಕೆ ಹೊರಟ್ರೆ ಅದು ಲಾಕ್‌ರಿಂಗನ್ನ ಇನ್ನಷ್ಟು ಬಿಗಿ ಮಾಡುತ್ತೆ. ಮೆಷಿನ್ ಡಿಸೈನ್ ಕ್ಲಾಸಲ್ಲಿ ಹೇಳೋ ಲಾಕ್‌ನಟ್ ಪಾಠ ಇಷ್ಟು ಚೆನ್ನಾಗಿ ಇನ್ನೆಲ್ಲೂ ಸಿಗಲ್ಲ. ರಸ್ತೆಗೆ ಫಿಕ್ಸೆಡ್ ಸೈಕಲ್ ತರೋದೇ ಆದ್ರೆ ಟ್ರ್ಯಾಕ್ ಹಬ್ಬು, ಲಾಕ್‌ರಿಂಗು, ಜೊತೆಗೆ ಮುಂದೆ ಹಿಂದೆ ಎರಡೂ ಬ್ರೇಕು ಇರಲೇಬೇಕು. ಬ್ರೇಕ್ ಇಲ್ಲದ ಸೈಕಲ್ಲಿಗೆ ಜಾಗ ವೆಲೋಡ್ರೋಮ್ ಒಂದೇ.

ಗೋಡೆ ಮೇಲೆ ಬೀಳದೆ ಇರೋದು ಹೇಗೆ?

ಜಾತ್ರೆಲಿ ಮರಣ ಬಾವಿ ನೋಡಿದವರಿಗೆ ಅರ್ಧ ಉತ್ತರ ಗೊತ್ತು. ಅಲ್ಲಿ ಬೈಕು ಬೀಳದೆ ಇರೋದು ವೇಗದಿಂದ. ವೆಲೋಡ್ರೋಮೂ ಅದೇ ತತ್ವ, ಇಳಿಜಾರು ಮಾತ್ರ ಕಡಿಮೆ. ಅಂತರರಾಷ್ಟ್ರೀಯ ಮಟ್ಟದ 250 ಮೀಟರ್ ಟ್ರ್ಯಾಕಲ್ಲಿ ನೇರ ಭಾಗದ ಇಳಿಜಾರು ಸುಮಾರು 12 ಡಿಗ್ರಿ, ತಿರುವಿನಲ್ಲಿ 42 ಡಿಗ್ರಿ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ.

ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ: ಟ್ಯಾನ್ ಥೀಟಾ = ವೇಗದ ವರ್ಗ ÷ (ತ್ರಿಜ್ಯ × ಜಿ). ತಿರುವಿನ ತ್ರಿಜ್ಯ 25 ಮೀಟರ್, ಕೋನ 42 ಡಿಗ್ರಿ ಅಂತ ಇಟ್ಕೊಳ್ಳೋಣ. ವೇಗ ಸೆಕೆಂಡಿಗೆ ಸುಮಾರು 14.9 ಮೀಟರ್, ಅಂದ್ರೆ ಗಂಟೆಗೆ 53 ಕಿ.ಮೀ. ಈ ವೇಗದಲ್ಲಿ ಸೈಕಲ್ಲು ಟ್ರ್ಯಾಕಿಗೆ ಸರಿಯಾಗಿ ಲಂಬವಾಗಿ ಇರುತ್ತೆ, ಘರ್ಷಣೆ ಬೇಕೇ ಇಲ್ಲ. ಸಪಾಟು ರಸ್ತೆಲಿ ನೇರ ಹೋದ ಹಾಗೆ.

ಹೊಸಬರು 53ರಲ್ಲಿ ಹೋಗೋಕಾಗಲ್ಲ. ಅವರು ಜಾರದೆ ಇರೋದು ಟೈರಿನ ಹಿಡಿತದಿಂದ. ಘರ್ಷಣಾ ಗುಣಾಂಕ 0.5 ಅಂತ ಹಿಡಿದು ಕನಿಷ್ಠ ವೇಗದ ಲೆಕ್ಕ ಹಾಕಿದ್ರೆ ಗಂಟೆಗೆ ಸುಮಾರು 30 ಕಿ.ಮೀ. ಬರುತ್ತೆ. 0.6 ಅಂತ ಹಿಡಿದ್ರೆ 25. ಅಂದ್ರೆ ತಿರುವಿನ ಮೇಲೆ ಹೋಗಬೇಕಾದ್ರೆ 30 ಕಿ.ಮೀ. ಆಸುಪಾಸು ಬಿಡದೆ ಹಿಡ್ಕೊಳ್ಳೋ ಶಕ್ತಿ ಬೇಕು.

ಇಲ್ಲೇ ಇರೋದು ಇಡೀ ಆಟದ ಗುಟ್ಟು. ರಸ್ತೆಲಿ ಹೆದರಿಕೆ ಆದಾಗ ನಾವು ನಿಧಾನ ಮಾಡ್ತೀವಿ, ಅದು ಸರಿ. ಟ್ರ್ಯಾಕಿನ ತಿರುವಲ್ಲಿ ಹೆದರಿ ನಿಧಾನ ಮಾಡಿದ್ರೆ ಅದೇ ನಮ್ಮನ್ನ ಬೀಳಿಸುತ್ತೆ. ಅಲ್ಲಿ ವೇಗವೇ ಸುರಕ್ಷತೆ. ಹತ್ತೊಂಬತ್ತು ವರ್ಷ ಒಂದು ಥರ ಕಲಿತ ಮೈಗೆ ಇದನ್ನ ಉಲ್ಟಾ ಕಲಿಸಬೇಕು. ಅದಕ್ಕೇ ಕೋಚ್ ಬೇಕು ಅಂದಿದ್ದು.

ನಮ್ಮ ದೇಶದ ಹೊರಾಂಗಣದ ಕಾಂಕ್ರೀಟ್ ಟ್ರ್ಯಾಕ್‌ಗಳು ಸಾಮಾನ್ಯವಾಗಿ 333.33 ಮೀಟರಿನವು, ಮೂರು ಸುತ್ತಿಗೆ ಒಂದು ಕಿ.ಮೀ. ಇವುಗಳ ತಿರುವು ಅಗಲ, ಇಳಿಜಾರು ಕಡಿಮೆ. ಉದಾಹರಣೆಗೆ ಕೋನ 25 ಡಿಗ್ರಿ ಇದ್ರೆ ಅದರ ಟ್ಯಾನ್ 0.47. ಗುಣಾಂಕ 0.5 ಇದಕ್ಕಿಂತ ಜಾಸ್ತಿ, ಹಾಗಾಗಿ ಲೆಕ್ಕದ ಪ್ರಕಾರ ನಿಂತರೂ ಜಾರಲ್ಲ. ಕಲಿಯೋರಿಗೆ ಇಂಥ ಟ್ರ್ಯಾಕೇ ಒಳ್ಳೇದು. ಆದ್ರೆ ಧೂಳು, ಮಳೆ ನೀರು ಇದ್ದಾಗ ಆ 0.5 ಉಳಿಯಲ್ಲ ಅನ್ನೋದು ನೆನಪಿರಲಿ. ಇನ್ನೊಂದು ವಿಷಯ: ತೀರಾ ನಿಧಾನ ಆದ್ರೆ ಸೈಕಲ್ ನೆಟ್ಟಗೆ ನಿಲ್ಲುತ್ತೆ, ಆಗ ಬಲಗಡೆ ಪೆಡಲ್ ಏರಿಗೆ ತಾಗಬಹುದು. ಅದಕ್ಕೇ ಟ್ರ್ಯಾಕ್ ಸೈಕಲ್ಲಲ್ಲಿ ಪೆಡಲಿನ ಅಚ್ಚು ನೆಲದಿಂದ ಎತ್ತರದಲ್ಲಿರುತ್ತೆ, ಕ್ರ್ಯಾಂಕ್ ಗಿಡ್ಡ ಇರುತ್ತೆ.

ಬಣ್ಣದ ಗೆರೆಗಳು ಏನು ಹೇಳ್ತವೆ?

ಟ್ರ್ಯಾಕಿನ ಒಳ ಅಂಚಲ್ಲಿ ತಿಳಿನೀಲಿ ಪಟ್ಟಿ ಇರುತ್ತೆ, ಹೆಸರು ಕೋಟ್ ದಜೂರ್. ಅದು ಹತ್ತೋಕೆ ಇಳಿಯೋಕೆ ಇರೋ ಜಾಗ, ರೇಸ್ ಮಾಡೋಕಲ್ಲ. ಒಳ ಅಂಚಿಂದ 20 ಸೆಂ.ಮೀ. ಮೇಲೆ ಕಪ್ಪು ಗೆರೆ. ಟ್ರ್ಯಾಕಿನ ಉದ್ದ ಅಳೆಯೋದು ಇದರ ಮೇಲೇ, ಅಂದ್ರೆ ಅತಿ ಹತ್ತಿರದ ದಾರಿ. 85 ಸೆಂ.ಮೀ. ಮೇಲೆ ಕೆಂಪು ಗೆರೆ. ಕಪ್ಪು ಕೆಂಪು ಮಧ್ಯದ ಜಾಗಕ್ಕೆ ಸ್ಪ್ರಿಂಟರ್ಸ್ ಲೇನ್ ಅಂತಾರೆ. ಸ್ಪ್ರಿಂಟ್ ಶುರುವಾದ ಮೇಲೆ ಅದರೊಳಗೆ ಇರೋರನ್ನ ಒಳಗಡೆಯಿಂದ ದಾಟೋ ಹಾಗಿಲ್ಲ, ಹೊರಗಡೆಯಿಂದ, ಅಂದ್ರೆ ಬಲಗಡೆಯಿಂದ ಸುತ್ತಿ ಬರಬೇಕು. ಇನ್ನೂ ಮೇಲೆ, ಟ್ರ್ಯಾಕಿನ ಅಗಲದ ಮೂರನೇ ಒಂದು ಭಾಗದಲ್ಲಿ ನೀಲಿ ಗೆರೆ. ಅಭ್ಯಾಸದ ದಿನ ಆರಾಮಾಗಿ ಹೋಗೋರು ಸಾಮಾನ್ಯವಾಗಿ ಅದರ ಮೇಲೆ ಇರ್ತಾರೆ, ಜೋರಾಗಿ ಹೋಗೋರಿಗೆ ಕೆಳಗಡೆ ಬಿಟ್ಟುಕೊಡ್ತಾರೆ.

ಮೇಲೆ ಹತ್ತೋದೇ ಬ್ರೇಕು ಅಂದ್ವಲ್ಲ, ಅದಕ್ಕೂ ಲೆಕ್ಕ ಇದೆ. ಗಂಟೆಗೆ 40 ಕಿ.ಮೀ.ಲಿ ಹೋಗ್ತಾ 2 ಮೀಟರ್ ಎತ್ತರ ಹತ್ತಿದ್ರೆ ವೇಗ 33ಕ್ಕೆ ಇಳಿಯುತ್ತೆ. ಕೆಳಗೆ ಬಂದಾಗ ಆ ವೇಗ ಹೆಚ್ಚುಕಡಿಮೆ ವಾಪಸ್ ಸಿಗುತ್ತೆ. ಸಾಲಾಗಿ ಹೋಗುವಾಗ ಮುಂದಿನವರು ತಿರುವಲ್ಲಿ ಮೇಲೆ ಹತ್ತಿ, ಉಳಿದವರನ್ನ ಕೆಳಗಿಂದ ಹೋಗೋಕೆ ಬಿಟ್ಟು, ಕೊನೆಯವರ ಹಿಂದೆ ಇಳಿದು ಸೇರ್ಕೊಳ್ಳೋದು ಹೀಗೇ. ಸ್ಪ್ರಿಂಟರ್‌ಗಳು ಟ್ರ್ಯಾಕಿನ ತುದಿಗೆ ಹತ್ತಿ ಅಲ್ಲಿಂದ ಧುಮುಕೋದೂ ಇದಕ್ಕೇ.

ಊರ ರಸ್ತೆಲಿ ಕಲಿಯೋ ಮುಕ್ಕಾಲು ಪಾಲು

ಇನ್ನು ನಮ್ಮ ಊರಿಗೆ ಬರೋಣ. ಈ ಭಾಗಕ್ಕೆ ಫಿಕ್ಸೆಡ್ ಸೈಕಲ್ ಬೇಕಿಲ್ಲ. ಬ್ರೇಕ್ ಸರಿಯಾಗಿರೋ ಯಾವ ಸೈಕಲ್ಲಾದ್ರೂ ಸರಿ. ನಮ್ಮಲ್ಲಿ ಕೆಲವರ ಮನೇಲಿ ಎಂಟನೇ ಕ್ಲಾಸಲ್ಲಿ ಸರ್ಕಾರ ಕೊಟ್ಟ ಸೈಕಲ್ ಇನ್ನೂ ಇದೆ. ಭಾರ ಇರುತ್ತೆ, ಆದ್ರೆ ಕಾಲಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಸೀಟು ಎತ್ತರ ಸರಿ ಮಾಡ್ಕೊಳ್ಳಿ ಅಷ್ಟೇ. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪ ಮಾತ್ರ ಬಾಗಿರಬೇಕು.

ತುರುವನೂರಿಂದ ದುರ್ಗಕ್ಕೆ ಇಪ್ಪತ್ತು ಕಿ.ಮೀ.ಗೂ ಮೇಲಿದೆ. ಬೆಳಗಿನ ಜಾವ, ಬಸ್ಸು ಟ್ರ್ಯಾಕ್ಟರ್ ಓಡಾಟ ಶುರುವಾಗೋ ಮುಂಚೆ, ಇಂಥ ರಸ್ತೆಲಿ ನಾಲ್ಕು ವಿಷಯ ಅಭ್ಯಾಸ ಮಾಡಿ.

ಒಂದು, ಲಯ. ಬಲ ಮಂಡಿ 10 ಸೆಕೆಂಡಲ್ಲಿ ಎಷ್ಟು ಸಲ ಮೇಲೆ ಬಂತು ಅಂತ ಎಣಿಸಿ. 15 ಬಂದ್ರೆ ನಿಮಿಷಕ್ಕೆ 90. ಮೊದಲು ಅದನ್ನ ಹತ್ತು ನಿಮಿಷ ಬಿಡದೆ ಹಿಡ್ಕೊಳ್ಳಿ. ಆಮೇಲೆ ಒಂದೊಂದು ನಿಮಿಷ 110ಕ್ಕೆ ಏರಿಸಿ. ಸೀಟಿನ ಮೇಲೆ ಕುಪ್ಪಳಿಸದೆ ತುಳಿಯೋಕೆ ಬಂದ್ರೆ ಕಾಲು ಪಳಗಿದೆ ಅಂತ ಅರ್ಥ.

ಎರಡು, ನಿಲ್ಲಿಸದೆ ತುಳಿಯೋದು. ಇಳಿಜಾರಲ್ಲೂ, ಗುಂಡಿ ಬಂದಾಗಲೂ ಕಾಲು ನಿಲ್ಲಬಾರದು. ಬ್ರೇಕ್ ಹಿಡೀಬಹುದು, ಆದ್ರೆ ಪೆಡಲ್ ತಿರುಗ್ತಾ ಇರಲಿ. ಫಿಕ್ಸೆಡ್ ಸೈಕಲ್ ಹತ್ತಿದ ಮೊದಲ ದಿನ ಬೀಳೋರು ಹೆಚ್ಚಾಗಿ ಕಾಲು ನಿಲ್ಲಿಸೋಕೆ ಹೋಗಿಯೇ ಬೀಳೋದು.

ಮೂರು, ನೇರ ಗೆರೆ. ರಸ್ತೆ ಅಂಚಿನ ಬಿಳಿ ಪಟ್ಟಿ ಹಿಡಿದು ನೂರು ಮೀಟರ್ ಅಲುಗಾಡದೆ ಹೋಗಿ. ಆಮೇಲೆ ಅದೇ ಗೆರೆ ಮೇಲೆ ಹೋಗ್ತಾ ಬಲ ಭುಜದ ಮೇಲಿಂದ ಹಿಂದೆ ನೋಡಿ. ಹೆಚ್ಚಿನವರು ತಲೆ ತಿರುಗಿಸಿದ ಕಡೆಗೇ ಸೈಕಲ್ಲೂ ಎಳೀತಾರೆ. ಟ್ರ್ಯಾಕಲ್ಲಿ ಮೇಲೆ ಹತ್ತೋ ಮುಂಚೆ ಪ್ರತಿ ಸಲ ಹೀಗೆ ನೋಡಲೇಬೇಕು. ನೋಡೋಕೆ ಹೋಗಿ ವಾಲಿದ್ರೆ ಪಕ್ಕದವರನ್ನೂ ಕರ್ಕೊಂಡು ಬೀಳ್ತೀರ.

ನಾಲ್ಕು, ಗಾಳಿ. ಇದರಲ್ಲಿ ನಮ್ಮ ಜಿಲ್ಲೆಗೆ ಬಡತನ ಇಲ್ಲ. ದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಮುಂಗಾರಲ್ಲಿ ನೈಋತ್ಯದ ಗಾಳಿ, ತುರುವನೂರಿಂದ ದುರ್ಗದ ಕಡೆ ಹೋಗುವಾಗ ಎದುರಿಗೇ ಬರುತ್ತೆ. ಇಬ್ಬರು ಮೂವರು ಸಾಲಾಗಿ ಹೋಗಿ, ಎರಡೆರಡು ನಿಮಿಷಕ್ಕೆ ಮುಂದಿರೋರು ಬದಲಾಗಲಿ. ಹಿಂದೆ ಇದ್ದಾಗ ಎಷ್ಟು ಹಗುರ ಅನ್ನೋದು ಒಂದೇ ದಿನಕ್ಕೆ ಗೊತ್ತಾಗುತ್ತೆ. ಮೊದಲು ಎರಡು ಮೀಟರ್ ಅಂತರ, ಅಭ್ಯಾಸ ಆದ್ಮೇಲೆ ಒಂದು ಮೀಟರ್. ಮುಂದಿನ ಚಕ್ರವನ್ನೇ ದಿಟ್ಟಿಸಬೇಡಿ, ಮುಂದಿನವರ ಭುಜದಾಚೆ ನೋಡಿ.

ಸುಗ್ಗಿ ಕಾಲದಲ್ಲಿ ಮಾತ್ರ ಹುಷಾರು. ರಸ್ತೆ ಮೇಲೇ ಬೆಳೆ ಹರಡಿರ್ತಾರೆ. ಹೊಟ್ಟು ಕಡ್ಡಿ ಚೈನಿಗೆ ಸುತ್ತಿಕೊಳ್ಳುತ್ತೆ, ಟೈರೂ ಜಾರುತ್ತೆ. ಅಲ್ಲಿ ಇಳಿದು ತಳ್ಕೊಂಡು ಹೋಗೋದೇ ವಾಸಿ. ಹೆಲ್ಮೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ.

ವಾರಕ್ಕೆ ನಾಲ್ಕು ದಿನದಂತೆ ಎರಡು ತಿಂಗಳು ಹೀಗೆ ಮಾಡಿ, ಸಪಾಟು ರಸ್ತೆಲಿ ಗಾಳಿ ಇಲ್ಲದಾಗ ಹತ್ತು ನಿಮಿಷ 30 ಕಿ.ಮೀ. ಹಿಡ್ಕೊಳ್ಳೋಕೆ ಬಂದ್ರೆ ನೀವು ಟ್ರ್ಯಾಕಿಗೆ ರೆಡಿ. ಆ 30 ಎಲ್ಲಿಂದ ಬಂತು ಅಂತ ಈಗ ನಿಮಗೆ ಗೊತ್ತು.

ಟ್ರ್ಯಾಕ್ ಎಲ್ಲಿದೆ?

ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದ್ರೆ ಮೊದಲು ಬರೋ ಹೆಸರು ವಿಜಯಪುರ ಮತ್ತು ಬಾಗಲಕೋಟೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯದಲ್ಲಿ ಸೈಕ್ಲಿಂಗ್ ಕಲಿಸೋದು ಅಲ್ಲಿ. ರಾಜ್ಯಕ್ಕೆ ಪದಕ ತಂದ ಎಷ್ಟೋ ಜನ ಆ ಕಡೆಯ ಹಳ್ಳಿ ಮಕ್ಕಳು. ಬಯಲುಸೀಮೆ, ಬಿಸಿಲು, ಎದುರುಗಾಳಿ, ಉದ್ದಕ್ಕೆ ಮಲಗಿದ ರಸ್ತೆ. ಯೋಚನೆ ಮಾಡಿ, ನಮ್ಮಲ್ಲಿ ಇಲ್ಲದ್ದು ಅಲ್ಲಿ ಏನಿದೆ? ಕಲಿಸೋ ವ್ಯವಸ್ಥೆ, ಅಷ್ಟೇ. ವಿಜಯಪುರದ ವೆಲೋಡ್ರೋಮ್ ಕೆಲಸ ವರ್ಷಗಟ್ಟಲೆ ಎಳೆದ ಕಥೆ ಪೇಪರಲ್ಲಿ ಓದಿರ್ತೀರ. ಚಿತ್ರದುರ್ಗದಿಂದ ಹೊರಡೋ ರಾಷ್ಟ್ರೀಯ ಹೆದ್ದಾರಿ 50 ಹೊಸಪೇಟೆ ಮೇಲೆ ಅಲ್ಲಿಗೇ ಹೋಗುತ್ತೆ, ಸುಮಾರು 340 ಕಿ.ಮೀ. ಹೊರಡೋ ಮುಂಚೆ ಇಲಾಖೆಯ ಜಿಲ್ಲಾ ಕಚೇರಿಗೆ ಫೋನ್ ಮಾಡಿ, ಹೊರಗಿನವರಿಗೆ ಅವಕಾಶ ಇದೆಯಾ ಕೇಳಿ.

ಪಕ್ಕದ ರಾಜ್ಯಗಳಲ್ಲಿ ಟ್ರ್ಯಾಕ್ ಇವೆ. ಪುಣೆಯ ಬಾಲೇವಾಡಿಯದು 1994ರ ರಾಷ್ಟ್ರೀಯ ಕ್ರೀಡಾಕೂಟದ ಕಾಲದ್ದು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದಿದೆ. ತಿರುವನಂತಪುರದ ಕಾರ್ಯವಟ್ಟಂನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜಿನದು ಇನ್ನೊಂದು. 250 ಮೀಟರಿನ ಮರದ ಒಳಾಂಗಣ ಟ್ರ್ಯಾಕ್ ಬೇಕಂದ್ರೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣ, ಅದನ್ನ ಕಟ್ಟಿದ್ದು 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ. ಎಲ್ಲಿಗೆ ಹೋಗೋದಿದ್ರೂ ಮೂರು ಪ್ರಶ್ನೆ ಮೊದಲೇ ಕೇಳಿ: ಟ್ರ್ಯಾಕ್ ಸುಸ್ಥಿತಿಯಲ್ಲಿದೆಯಾ, ಕೋಚ್ ಇರ್ತಾರಾ, ಸೈಕಲ್ ಎರವಲು ಸಿಗುತ್ತಾ. ಮೊದಲೇ ಟ್ರ್ಯಾಕ್ ಸೈಕಲ್ ಕೊಳ್ಳೋಕೆ ಹೋಗಬೇಡಿ.

ಮೊದಲ ದಿನ ಹೇಗಿರುತ್ತೆ?

ಮೊದಲು ಒಳಗಿನ ಸಪಾಟು ಜಾಗದಲ್ಲಿ ಸುತ್ತು ಹೊಡೆಸ್ತಾರೆ, ಫಿಕ್ಸೆಡ್ ಗೇರ್ ಕಾಲಿಗೆ ಒಗ್ಗೋ ತನಕ. ಆಮೇಲೆ ತಿಳಿನೀಲಿ ಪಟ್ಟಿ. ಅಲ್ಲಿ ವೇಗ ಹಿಡಿದು, ನೇರ ಭಾಗದಲ್ಲಿ ಕಪ್ಪು ಗೆರೆಗೆ ಹತ್ತಿ, ತಿರುವಿಗೆ ಹೋಗುವಾಗ ಇನ್ನೂ ಸ್ವಲ್ಪ ಜೋರಾಗಿ ತುಳೀಬೇಕು. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವಿನ ಆ ತುದಿಲಿ. ಕಪ್ಪು ಗೆರೆ ಅಭ್ಯಾಸ ಆದ್ರೆ ಕೆಂಪು, ಆಮೇಲೆ ನೀಲಿ. ಯಾವ ಗೆರೆಗೆ ಹತ್ತೋ ಮುಂಚೆಯೂ ಬಲ ಭುಜದ ಮೇಲಿಂದ ಒಂದು ನೋಟ. ಇಳಿಯುವಾಗ ಒಂದೆರಡು ಸುತ್ತು ನಿಧಾನ ಮಾಡ್ತಾ ಬಂದು, ನೇರ ಭಾಗದಲ್ಲಿ ಕೆಳಗಿಳಿದು, ಸಪಾಟಲ್ಲಿ ಪೂರ್ತಿ ನಿಲ್ಲೋ ತನಕ ಕಾಲು ತಿರುಗಿಸ್ತಾನೇ ಇರಬೇಕು.

ಇದರಲ್ಲಿ ಎಂಜಿನಿಯರ್‌ಗಳಿಗೆ ಏನಿದೆ?

ಬೇಕಾದಷ್ಟಿದೆ. ಗಾಳಿಯ ವಿರುದ್ಧ ಬೇಕಾಗೋ ಶಕ್ತಿ ವೇಗದ ಘನಕ್ಕೆ ಅನುಪಾತದಲ್ಲಿ ಏರುತ್ತೆ. ಸಾಧಾರಣ ಭಂಗಿಲಿ ಗಂಟೆಗೆ 36 ಕಿ.ಮೀ.ಗೆ 180 ವ್ಯಾಟ್ ಬೇಕಾದ್ರೆ, 45ಕ್ಕೆ 350 ವ್ಯಾಟ್. ಅಷ್ಟು ಶಕ್ತಿ ಎಲ್ಲರಿಗೂ ಇಲ್ಲ, ಆದ್ರೆ ಭಂಗಿ ಬದಲಾಯಿಸಿ ಗಾಳಿ ತಡೆ ಕಡಿಮೆ ಮಾಡೋದು ತಲೆ ಕೆಲಸ. ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿ ತಾನೇ ಕಟ್ಟಿದ ಸೈಕಲ್ಲಿಗೆ ವಾಷಿಂಗ್ ಮೆಷಿನ್ನಿನ ಬೇರಿಂಗ್ ಹಾಕಿ, ತೋಳುಗಳನ್ನ ಎದೆ ಕೆಳಗೆ ಮಡಚಿ ಕೂರೋ ಹೊಸ ಭಂಗಿ ಕಂಡುಹಿಡಿದು, 1993ರ ಜುಲೈ 17ರಂದು ಒಂದು ಗಂಟೆಯಲ್ಲಿ 51.596 ಕಿ.ಮೀ. ಹೋಗಿ ವಿಶ್ವದಾಖಲೆ ಮಾಡಿದ. 2022ರ ಆಗಸ್ಟಲ್ಲಿ ಡ್ಯಾನ್ ಬಿಗಮ್ ಅದೇ ದಾಖಲೆಯನ್ನ 55.548 ಕಿ.ಮೀ.ಗೆ ಒಯ್ದ. ಆಗ ಅವನ ಕೆಲಸ ಒಂದು ಸೈಕ್ಲಿಂಗ್ ಟೀಮಲ್ಲಿ ಎಂಜಿನಿಯರ್. ಅಕ್ಟೋಬರಲ್ಲಿ ಅದೇ ಟೀಮಿನ ಫಿಲಿಪ್ಪೊ ಗನ್ನಾ 56.792 ಕಿ.ಮೀ. ಹೋಗಿ ಅದನ್ನ ಮುರಿದ.

ನಮ್ಮ ದೇಶದವರ ಕಥೆನೂ ಕೇಳಿ. 2019ರ ಆಗಸ್ಟಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರಲ್ಲಿ ನಡೆದ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ಟೀಮ್ ಸ್ಪ್ರಿಂಟ್ ಚಿನ್ನ ಗೆದ್ದಿದ್ದು ಭಾರತ. ಎಸೊ ಆಲ್ಬೆನ್ ಅಂಡಮಾನ್ ನಿಕೋಬಾರಿನವನು, ರೊನಾಲ್ಡೊ ಸಿಂಗ್ ಮತ್ತು ರೋಜಿತ್ ಸಿಂಗ್ ಮಣಿಪುರದವರು. ನಕ್ಷೆಲಿ ದೆಹಲಿಯ ವೆಲೋಡ್ರೋಮಿಗೆ ತುರುವನೂರಿಗಿಂತ ದೂರ ಇರೋ ಊರುಗಳವು.

ನಮಗೆ ಹತ್ತಿರದ ಬಾಗಿಲು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಸೈಕ್ಲಿಂಗ್ ಕೂಟ. ಅದರಲ್ಲಿ ರಸ್ತೆ ಜೊತೆ ಟ್ರ್ಯಾಕ್ ಸ್ಪರ್ಧೆಗಳೂ ಇವೆ. ಅಲ್ಲಿಗೆ ಹೋಗೋದು ವಿಶ್ವವಿದ್ಯಾಲಯದ ತಂಡವಾಗಿ, ಹಾಗಾಗಿ ಮೊದಲು ಮಾತಾಡಬೇಕಾದ್ದು ನಮ್ಮದೇ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹತ್ರ. ಒಬ್ಬರೇ ಹೋಗಿ ಕೇಳಿದ್ರೆ "ನೋಡೋಣಪ್ಪ" ಅಂತಾರೆ. ಹತ್ತು ಜನ ಹೋದ್ರೆ ಫೈಲ್ ತೆಗೀತಾರೆ. ಓದಿ ಮುಗಿಸಿದ ಮೇಲೆ ಸೈಕಲ್ಲಿನ ಎರಡೂ ಬ್ರೇಕ್ ಹಿಡಿದು ನೋಡಿ, ಟೈರಿಗೆ ಗಾಳಿ ಹಾಕಿ, ನಾಳೆ ಬೆಳಿಗ್ಗೆ ಹತ್ತು ಸೆಕೆಂಡಿಗೆ ಹದಿನೈದು ಎಣಿಸಿ. ಆಮೇಲೆ ಬಂದು ನಮ್ಮನ್ನ ಸೇರ್ಕೊಳ್ಳಿ, ಹತ್ತು ಜನ ಆಗೋಕೆ ಇನ್ನೂ ನಾಲ್ಕು ಜನ ಬೇಕು.